ಅಳಿಯನ ಸೂಪರ್‌ಚಾರ್ಜರೂ ನನ್ನ ಕಟ್ಟಿದ ಬಾಯೂ

ಬೇರೆಯವರ ಗ್ಯಾರೇಜಿಗೆ ಕೆಟ್ಟ ಗಾಡಿಗಳು ಬರ್ತವೆ. ನನ್ನ ಗ್ಯಾರೇಜಿಗೆ ಬರೋದು, ಚೆನ್ನಾಗೇ ಓಡ್ತಿದ್ದು, ಯಾರೋ ಉದ್ಧಾರ ಮಾಡೋಕೆ ಹೋಗಿ ಕೆಡಿಸಿದ ಗಾಡಿಗಳು. ಸ್ಕೂಟರಿಗೆ ಲಾರಿ ಹಾರನ್ ಹಾಕಿಸಿಕೊಂಡು ಬ್ಯಾಟರಿ ನಿಲ್ಲಲ್ಲ ಅಂತ ಬರೋನೊಬ್ಬ, ಮೈಲೇಜ್ ಬರಲಿ ಅಂತ ಟ್ಯಾಂಕಿಗೆ ಸೀಮೆಎಣ್ಣೆ ಸುರಿದು ಹೊಗೆ ಬರುತ್ತೆ ಅಂತ ಬರೋನೊಬ್ಬ. ಇವತ್ತಿಗೂ ನಿಂತಿಲ್ಲ, ನಾಳೆನೂ ಒಬ್ಬ ಬಂದೇ ಬರ್ತಾನೆ.

ಕಡೂರಲ್ಲಿ ಬೀರೂರು ರಸ್ತೆಗೆ ನನ್ನ ಗ್ಯಾರೇಜು. ನನಗೆ ಕೋಪ ಜಾಸ್ತಿ. ಮುಚ್ಚುಮರೆ ಏನಿಲ್ಲ, ಊರಿಗೆಲ್ಲ ಗೊತ್ತು. ಗಿರಾಕಿಗಳು ಬೈಸಿಕೊಂಡೇ ರಿಪೇರಿ ಮಾಡಿಸಿಕೊಂಡು ಹೋಗ್ತಾರೆ. ಯಾವತ್ತಾದರೂ ಬೈಯದೆ ಗಾಡಿ ಕೊಟ್ಟರೆ ಮಾರನೇ ದಿನ ವಾಪಸ್ ಬಂದು, "ಯಾಕಣ್ಣ, ಸರಿಯಾಗಿ ನೋಡಿಲ್ವಾ?" ಅಂತ ಕೇಳ್ತಾರೆ.

ಇಂಥ ನನ್ನ ಬಾಯಿಗೆ ಈ ವರ್ಷ ಕಟ್ಟು ಬಿತ್ತು. ಯಾಕಂದ್ರೆ ಬಂದ ಗಾಡಿ ನನ್ನ ಅಳಿಯನದ್ದು. ಅಳಿಯನಿಗೆ ಬೈಯೋ ಹಂಗಿಲ್ಲ. ನಮ್ಮ ಕಡೆ ಅಳಿಯ ಬಂದ್ರೆ ಕಾಲಿಗೆ ನೀರು ಕೊಟ್ಟು, ಹೋಳಿಗೆ ಬಡಿಸಿ, ಅವನು ಏನು ಹೇಳಿದ್ರೂ ಹೌದು ಹೌದು ಅನ್ನಬೇಕು.

ಹೋಳಿಗೆ ತುರುಕೋ ಯಂತ್ರ

ಅಳಿಯನ ಊರು ಅಜ್ಜಂಪುರ. ಅವರಪ್ಪ, ಅಂದ್ರೆ ನಮ್ಮ ಬೀಗರು, ಈರುಳ್ಳಿ ವ್ಯಾಪಾರಸ್ಥರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅಳಿಯ ಅಪ್ಪನ ಈರುಳ್ಳಿ ಮಂಡಿಯಲ್ಲಿ ಕೂತು ಮೂಟೆ ತೂಗಿಸ್ತಾನೆ, ತೂಗಿಸ್ತಾ ಫೋನಲ್ಲಿ ಕಾರುಗಳ ವಿಡಿಯೋ ನೋಡ್ತಾನೆ. ನನ್ನ ಮಗಳು ತರೀಕೆರೆಯ ಒಂದು ಶಾಲೆಯಲ್ಲಿ ಟೀಚರು. ದಿನಾ ಆ ಕಾರು ಓಡಿಸೋಳು ಅವಳೇ. ಅಳಿಯ ಭಾನುವಾರ ಮಾತ್ರ ಓಡಿಸ್ತಾನೆ, ಸ್ನೇಹಿತರಿಗೆ ತೋರಿಸೋಕೆ.

ಒಂದು ಭಾನುವಾರ ಇಬ್ಬರೂ ಕಡೂರಿಗೆ ಬಂದ್ರು. ಕಾರಿನಿಂದ ಒಂಥರಾ ಕುಕ್ಕರ್ ಕೂಗೋ ಹಂಗೆ ಸದ್ದು.

"ಮಾವ, ಸೂಪರ್‌ಚಾರ್ಜರ್ ಹಾಕ್ಸಿದೀನಿ," ಅಂದ ಅಳಿಯ. "ಪವರ್ ಒಂದೂವರೆ ಪಟ್ಟು ಆಗ್ಬೇಕು. ಆದ್ರೆ ಮೊದಲಿಗಿಂತ ಕಮ್ಮಿ ಎಳೀತಿದೆ. ಸ್ವಲ್ಪ ನೋಡಿ."

ಸೂಪರ್‌ಚಾರ್ಜರ್ ಅಂದ್ರೆ ಬೇರೇನಲ್ಲ, ಒಂದು ಗಾಳಿ ಪಂಪು. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತೆ. ಇಂಜಿನ್ನು ತಾನಾಗಿ ಎಳ್ಕೊಳ್ಳೋ ಗಾಳಿ ಸಾಲದು ಅಂತ ಮೇಲಿಂದ ಇನ್ನಷ್ಟು ತುರುಕೋದು. ಹೊಟ್ಟೆ ತುಂಬಿದ ಅಳಿಯನಿಗೆ ಅತ್ತೆ ಇನ್ನೆರಡು ಹೋಳಿಗೆ ಹಾಕ್ತಾಳಲ್ಲ, ಹಂಗೆ. ಕಂಪನಿಯವನು ಕೊಟ್ಟ ಇಂಜಿನ್ನು ಬೆಣ್ಣೆ ಹಂಗೆ ಓಡ್ತಿತ್ತು. ಅದಕ್ಕೆ ಯಾವುದೋ ದೂರದ ಪಟ್ಟಣದ ಅಂಗಡಿಯಲ್ಲಿ ಇದನ್ನ ಜಡಿಸಿಕೊಂಡು ಬಂದಿದಾನೆ. ನನ್ನ ಮೈಯೆಲ್ಲ ಉರಿದುಹೋಯ್ತು. ಬಾಯಿ ತೆಗೆದೆ. ಬಾಗಿಲಲ್ಲಿ ನನ್ನ ಹೆಂಡತಿ ಸೌಟು ಹಿಡಿದು ನಿಂತಿದ್ಲು. ಬಾಯಿ ಮುಚ್ಚಿದೆ.

ಅಳಿಯ ಕೈ ತೊಳೆಯೋಕೆ ಹೋದಾಗ ಮಗಳು ಹತ್ತಿರ ಬಂದು ಮೆಲ್ಲಗೆ ಹೇಳಿದ್ಲು, "ಅಪ್ಪ, ಆಕ್ಸಿಲರೇಟರ್ ಒತ್ತಿದ್ರೆ ಒಂದೊಂದ್ಸಲ ಉಸಿರು ಕಟ್ಟಿದಂಗೆ ಆಗುತ್ತೆ. ಇನ್ನೇನು ಆಫ್ ಆಯ್ತು ಅನ್ಸುತ್ತೆ. ತರೀಕೆರೆ ದಾರೀಲಿ ದಿನಾ ರೈಲ್ವೆ ಗೇಟ್ ದಾಟ್ಬೇಕು. ಹಳಿ ಮೇಲೆ ನಿಂತ್ಬಿಟ್ರೆ ಏನ್ಮಾಡ್ಲಿ?"

ಈ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಇರೋಳು ಒಬ್ಬಳೇ ಮಗಳು.

ಊಟ ಆದ ಮೇಲೆ ಅಳಿಯನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪಂಚನಹಳ್ಳಿ ಕಡೆ ಹೊರಟೆ. ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಸದ್ದು ವಿಮಾನದ್ದು, ಓಟ ಎತ್ತಿನ ಗಾಡೀದು. ಅಷ್ಟರಲ್ಲಿ ಹಿಂದಿನಿಂದ ಒಂದು ಲಗೇಜ್ ಆಟೋ ಹಾರನ್ ಹೊಡ್ಕೊಂಡು ನಮ್ಮನ್ನ ದಾಟಿ ಹೋಯ್ತು. ತುಂಬ ತೆಂಗಿನಕಾಯಿ, ಕಾಯಿ ಮೇಲೆ ಎರಡು ಆಡು. ಅದ್ರಲ್ಲಿ ಒಂದು ಆಡು ನನ್ನ ಮುಖ ನೋಡ್ತಾನೇ ಹೋಯ್ತು. ನಾಚಿಕೆಯಿಂದ ಸ್ಟೇರಿಂಗ್ ಕಿತ್ತು ಬಿಸಾಕೋಣ ಅನ್ನಿಸ್ತು.

ಅಳಿಯ ಕೇಳಿದ, "ಸೌಂಡ್ ಹೆಂಗಿದೆ ಮಾವ?"

ಬೀಗರ ಔಷಧಿ

ಕಾರು ಬಿಟ್ಟು ಹೋಗಿ ಅಂದೆ. ಬೆಳಿಗ್ಗೆ ಬಾನೆಟ್ ಎತ್ತಿದ್ರೆ ಗಮ್ ಅಂತ ವಾಸನೆ. ಪೆಟ್ರೋಲಿಂದಲ್ಲ, ಇಂಜಿನ್ ಆಯಿಲಿಂದೂ ಅಲ್ಲ. ಅಡುಗೆಮನೆ ವಾಸನೆ. ಬಗ್ಗಿ ನೋಡಿದ್ರೆ ಸೂಪರ್‌ಚಾರ್ಜರಿನ ಬೆಲ್ಟು ಮದುವೆ ಹೆಣ್ಣಿನ ಜಡೆ ಹಂಗೆ ಮಿರಮಿರ ಮಿಂಚ್ತಿದೆ. ಬೆರಳಿಟ್ಟು ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ!

ಬೆಲ್ಟು ಪುಲ್ಲಿಯನ್ನ ಗಟ್ಟಿಯಾಗಿ ಹಿಡ್ಕೊಂಡ್ರೆ ತಾನೆ ಪಂಪು ತಿರುಗೋದು? ಎಣ್ಣೆ ಹಚ್ಚಿದ್ರೆ ಜಾರುತ್ತೆ. ಪಂಪು ತೂಕಡಿಸುತ್ತೆ. ಗಾಳಿ ತುರುಕಬೇಕಾದದ್ದು ಇಂಜಿನ್ನಿನ ಗಂಟಲಿಗೆ ಅಡ್ಡ ಕೂತಿರುತ್ತೆ. ಮೊದಲಿಗಿಂತ ಕಮ್ಮಿ ಎಳೆಯದೆ ಇನ್ನೇನು?

ಅಷ್ಟರಲ್ಲಿ ಬಸ್ಸಿಳಿದು ಬೀಗರೇ ಬಂದ್ರು, ಗಾಡಿ ಏನಾಯ್ತು ನೋಡೋಣ ಅಂತ.

"ಬೀಗರೇ, ಈ ಬೆಲ್ಟಿಗೆ ಎಣ್ಣೆ ಹಚ್ಚಿದ್ದು ಯಾರು?" ಅಂತ ಕೇಳ್ದೆ.

"ನಾನೇ ಕಣ್ರೀ," ಅಂದ್ರು ಖುಷಿಯಿಂದ. "ಕೀರ್ ಕೀರ್ ಅಂತ ಕೂಗ್ತಿತ್ತು. ಗಾಡಿ ಕೀಲಿಗೆ ಎಣ್ಣೆ ಬಿಡಲ್ವಾ, ಹಂಗೆ ಬಿಟ್ಟೆ. ಗಾಣದ ಎಣ್ಣೆ, ಕಲಬೆರಕೆ ಅಲ್ಲ. ವಾರಕ್ಕೊಂದ್ಸಲ ಹಚ್ತಿದೀನಿ."

ಬೇರೆ ಯಾರಾದ್ರೂ ಈ ಮಾತು ಆಡಿದ್ದಿದ್ರೆ ಆ ಬೆಲ್ಟನ್ನೇ ಅವರ ಕುತ್ತಿಗೆಗೆ ಹಾಕ್ತಿದ್ದೆ. ಇವರು ಬೀಗರು. ನನ್ನ ಮಗಳು ಇವರ ಮನೆಯಲ್ಲಿ ಬಾಳ್ಬೇಕು. ಹಲ್ಲು ಕಚ್ಚಿ ನಕ್ಕು, "ಒಂದ್ನಿಮಿಷ ಬಂದೆ," ಅಂತ ಗ್ಯಾರೇಜಿನ ಹಿಂದಕ್ಕೆ ಹೋದೆ. ಅಲ್ಲಿ ಒಂದು ಹಳೇ ಲಾರಿ ಟೈರು ಬಿದ್ದಿತ್ತು. ಅದಕ್ಕೆ ಅದರ ಅಪ್ಪ, ಅಜ್ಜ, ವಂಶವನ್ನೆಲ್ಲ ಸೇರಿಸಿ ಬೈದು ವಾಪಸ್ ಬಂದೆ.

"ಕೀರ್ ಕೀರ್ ಸದ್ದಂತೂ ನಿಂತೋಯ್ತಲ್ಲ?" ಅಂದ್ರು ಬೀಗರು.

"ನಿಂತೋಯ್ತು ಬೀಗರೇ. ಪಂಪೂ ನಿಂತೋಯ್ತು."

ಅವರು ನನ್ನ ಮುಖವನ್ನ ಕರುಣೆಯಿಂದ ನೋಡಿದ್ರು. "ನಿಮಗೂ ಒಂದು ಬಾಟ್ಲಿ ಕಳಿಸ್ತೀನಿ. ತಲೆಗೆ ಹಚ್ಕೊಳಿ. ಬಹಳ ಉಷ್ಣ ಆಗಿದೀರಿ."

ಫೋನಿನಾಚೆಯ ಪಂಡಿತ

ಹೊಸ ಬೆಲ್ಟು ಹಾಕ್ದೆ. ಈಗ ಪಂಪು ನಿಜವಾಗಿ ತಿರುಗಿ ಗಾಳಿ ತಳ್ಳೋಕೆ ಶುರುಮಾಡ್ತು. ಆದ್ರೆ ಹೊಸ ತಕರಾರು. ಮೆಲ್ಲಗೆ ಹೋದ್ರೆ ಸರಿ, ಏರಿನಲ್ಲಿ ಒತ್ತಿದ್ರೆ ಮಾತ್ರ ಗಡಗಡ ಅಂತ ನಡುಗಿ ಬಿಕ್ಕಳಿಸುತ್ತೆ. ಜಡಿದ ಪುಣ್ಯಾತ್ಮನನ್ನೇ ಕೇಳೋಣ ಅಂತ ಆ ಅಂಗಡಿಗೆ ಫೋನ್ ಮಾಡ್ದೆ.

ಆ ಕಡೆಯಿಂದ ಒಂದು ನಾಜೂಕು ಧ್ವನಿ. "ಸಾರ್, ನಮ್ಮ ಟ್ಯೂನಿಂಗ್ ಪರ್ಫೆಕ್ಟ್ ಆಗಿದೆ. ಪ್ರಾಬ್ಲಂ ನಿಮ್ಮ ಊರಿಂದು."

"ನಮ್ಮೂರಿಂದಾ?"

"ಹೂಂ ಸಾರ್. ನಿಮ್ಮ ಕಡೆ ಗಾಳಿ ಹೆಂಗಿದೆ?"

"ಗಾಳಿ ಗಾಳಿ ಹಂಗೇ ಇದೆ ಕಣಯ್ಯ!"

"ಹಂಗಲ್ಲ ಸಾರ್. ಡಸ್ಟ್ ಜಾಸ್ತಿನಾ? ಬಿಸಿಲು ಜಾಸ್ತಿನಾ? ನಿಮ್ಮ ಏರಿಯಾ ಪೆಟ್ರೋಲ್ ಹೆಂಗೆ? ಡ್ರೈವರ್ ಮೈಂಡ್‌ಸೆಟ್ ಹೆಂಗೆ?"

ಆಗ ನನಗೆ ಹೊಳೀತು. ಇವನು ಅಳಿಯನಲ್ಲ. ಬೀಗನೂ ಅಲ್ಲ. ಇವನಿಗೂ ನನಗೂ ಯಾವ ಸಂಬಂಧವೂ ಇಲ್ಲ! ನನ್ನ ಆನಂದ ಏನು ಹೇಳ್ಲಿ. ಗಂಟಲು ಸರಿಮಾಡ್ಕೊಂಡು ಶುರುಮಾಡ್ದೆ. "ಲೇ, ನಿನ್ನ ಮೈಂಡ್‌ಸೆಟ್ಟಿಗೆ ಬೆಂಕಿ ಹಾಕ! ಚೆನ್ನಾಗಿದ್ದ ಗಾಡಿ ಹಾಳುಮಾಡಿ, ನಮ್ಮೂರಿನ ಗಾಳಿ ಮೇಲೆ ಹೇಳ್ತೀಯಾ? ಅನ್ನ ತಿಂತೀಯೋ ಇನ್ನೇನು ತಿಂತೀಯೋ? ಮನೆ ಹಾಳ!" ಅಂತ ಒಂದೇ ಉಸಿರಿಗೆ ಸುರಿದೆ. ಎದೆ ಮೇಲಿನ ಕಲ್ಲು ಇಳಿದಂಗಾಯ್ತು.

ಮನೆ ಇರೋದು ಗ್ಯಾರೇಜಿನ ಹಿಂದೆಯೇ. ನನ್ನ ಕೂಗು ಕೇಳಿ, ಫೋನಲ್ಲಿರೋದು ಅಳಿಯನೇ ಅಂತ ತಿಳ್ಕೊಂಡು ನನ್ನ ಹೆಂಡತಿ ಓಡಿಬಂದ್ಲು. ಕೈಯಿಂದ ಫೋನ್ ಕಿತ್ಕೊಂಡು, "ತಪ್ಪು ತಿಳ್ಕೋಬೇಡಿ, ನಿಮ್ಮ ಮಾವಂಗೆ ಬುದ್ಧಿ ನೆಟ್ಟಗಿಲ್ಲ, ಮನಸ್ಸಲ್ಲಿ ಇಟ್ಕೋಬೇಡಿ, ಈ ಭಾನುವಾರ ಊಟಕ್ಕೆ ಬನ್ನಿ, ಕಾಯಿ ಹೋಳಿಗೆ ಮಾಡ್ತೀನಿ," ಅಂದ್ಲು.

ಆ ಬಡ್ಡಿಮಗ ಹೇಳ್ತಾನೆ, "ಆಯ್ತು ಆಂಟಿ. ಲೊಕೇಶನ್ ಕಳಿಸಿ."

ಸರಿಹೋದದ್ದು

ಬಿಕ್ಕಳಿಕೆ ಪ್ಲಗ್ಗಿನದ್ದು. ಪ್ಲಗ್ಗಿನ ಎರಡು ತುದಿ ನಡುವಿನ ಸಂದಿಯಲ್ಲಿ ಕಿಡಿ ಹಾರ್ಬೇಕು. ಸಾಧಾರಣ ಗಾಳಿಗೆ ಆ ಸಂದಿ ಸರಿಯಿತ್ತು. ಈಗ ಒಳಗಡೆ ಗಾಳಿ ಒತ್ತಿ ತುಂಬಿರೋದ್ರಿಂದ ಅಷ್ಟು ದೂರ ಕಿಡಿಗೆ ಹಾರೋಕಾಗ್ತಿಲ್ಲ. ಗಾಳಿ ಜೋರಾದಾಗ ದೀಪ ಆರಿದ ಹಂಗೆ ಆರಿಹೋಗ್ತಿತ್ತು. ಸಂದಿ ಕಮ್ಮಿ ಮಾಡ್ದೆ, ಸಡಿಲ ಇದ್ದ ಪೈಪುಗಳನ್ನ ಬಿಗಿಮಾಡ್ದೆ. ಬೀರೂರು ತನಕ ಹೋಗಿ ಬಂದೆ. ಕಾರು ಹುಚ್ಚುಕುದುರೆ ಹಂಗೆ ಓಡ್ತು.

ಭಾನುವಾರ ಅಳಿಯ ಮಗಳ ಜೊತೆ ಬಂದ. ಒಂದು ಸುತ್ತು ಓಡಿಸ್ಕೊಂಡು ಬಂದು ಇಳಿದು, ಕನ್ನಡಕ ಹಣೆ ಮೇಲೆ ಏರಿಸಿ ಹೇಳಿದ, "ನಾನು ಹೇಳಿರ್ಲಿಲ್ವಾ ಮಾವ, ಗಾಡೀಲಿ ಏನೂ ತೊಂದ್ರೆ ಇಲ್ಲ ಅಂತ?"

ಒಂದು ವಾರದ ಕೆಲಸ ಮಾಡಿದವನಿಗೆ ಈ ಮಾತು. ನಾನು ನಕ್ಕೆ. ಆ ನಗು ನಗೋಕೆ ಪಟ್ಟ ಕಷ್ಟದಲ್ಲಿ ಇನ್ನೊಂದು ಇಂಜಿನ್ ಇಳಿಸಿ ಹತ್ತಿಸಬಹುದಿತ್ತು.

ಆಮೇಲೆ ಒಂದು ಸುತ್ತು ಓಡಿಸ್ಕೊಂಡು ಬಂದ ಮಗಳ ಮುಖ ಮಾತ್ರ ಸಪ್ಪಗಿತ್ತು. "ಅಪ್ಪ, ಮೊದ್ಲು ಓಡ್ತಿರ್ಲಿಲ್ಲ, ಈಗ ಹೇಳಿದ ಮಾತು ಕೇಳಲ್ಲ. ಕಾಲು ತಾಗಿಸಿದ್ರೆ ನೆಗೆಯುತ್ತೆ. ಈಗಷ್ಟೇ ಎದುರಿಗೆ ಬಸ್ಸು ಬಂದಾಗ ಜೀವ ಬಾಯಿಗೆ ಬಂತು. ನನಗಿದು ಬೇಡ. ಅವ್ರಿಗೆ ಸಾವಿರ ಸಲ ಹೇಳ್ದೆ, ಕೇಳಲ್ಲ. ನೀನಾದ್ರೂ ತೆಗ್ಸು ಅಂತ ಹೇಳಪ್ಪ."

"ಹೇಳ್ತೀನಿ ಕಣಮ್ಮ," ಅಂತ ಎದ್ದೆ. ಅಳಿಯನ ಮುಂದೆ ಹೋಗಿ ನಿಂತೆ. ಪಕ್ಕದಲ್ಲಿ ಹೆಂಡತಿ ಬಂದು ನಿಂತ್ಲು. ಎಂಥೆಂಥವರಿಗೋ ನಡುಬೀದಿಯಲ್ಲಿ ನೀರಿಳಿಸಿದ ಬಾಯಿ ಇದು. ಅದರಿಂದ ಬಂದದ್ದು ಇಷ್ಟೇ: "ಅಳಿಯಂದ್ರೇ, ಇದು ಬೇಕಾ?"

"ಬೇಕು ಮಾವ," ಅಂದ.

"ಹಂಗಾದ್ರೆ ಇರ್ಲಿ," ಅಂದೆ. ಇನ್ನೊಂದು ಹೋಳಿಗೆ ಹಾಕಿದ್ವಿ.

ಗೇಟಿನ ಹತ್ತಿರ

ಆಮೇಲೆ ಒಂದು ಬೆಳಿಗ್ಗೆ ಮಗಳ ಫೋನು. "ಅಪ್ಪ, ಗಾಡಿ ಹಳಿ ಮೇಲೇ ನಿಂತ್ಬಿಡ್ತು."

"ರೈಲು ಬಂತಾ? ನೀನೆಲ್ಲಿದೀಯಾ?" ಅಂತ ಕಿರುಚಿದೆ.

"ಏನೂ ಆಗಿಲ್ಲ ಅಪ್ಪ. ಗೇಟ್ ತೆಗೆದಿತ್ತು, ರೈಲಿರಲಿಲ್ಲ. ಗೇಟಿನವರೂ ಹಿಂದಿದ್ದ ಟ್ರ್ಯಾಕ್ಟರಿನವರೂ ತಳ್ಳಿ ಆಚೆ ಹಾಕಿದ್ರು. ಮನೆಗೆ ಎಳೆಸ್ಕೊಂಡು ಬಂದಿದೀವಿ."

ಸ್ಪ್ಯಾನರ್ ಚೀಲ ತಗೊಂಡು ಅಜ್ಜಂಪುರದ ಬಸ್ ಹತ್ತಿದೆ. ಹೆಂಡತಿ ಬಸ್‌ಸ್ಟ್ಯಾಂಡ್ ತನಕ ಹಿಂದೆ ಬಂದು, "ಸಮಾಧಾನ, ಸಮಾಧಾನ," ಅಂತಿದ್ಲು. ದಾರಿ ಉದ್ದಕ್ಕೂ ನನ್ನ ಪಕ್ಕದ ಸೀಟಲ್ಲಿ ಯಾರೂ ಕೂರಲಿಲ್ಲ. ಕಂಡಕ್ಟರ್ ಟಿಕೆಟನ್ನ ದೂರದಿಂದಲೇ ಕೊಟ್ಟ.

ಬೀಗರ ಮನೆ ಅಂಗಳದಲ್ಲಿ ಎಲ್ಲರೂ ನಿಂತಿದ್ರು. ಬೀಗರು, ಬೀಗಿತ್ತಿ, ಅಳಿಯ, ಮಗಳು. ಯಾರನ್ನೂ ಮಾತಾಡಿಸದೆ ಬಾನೆಟ್ ಎತ್ತಿದೆ. ಸೂಪರ್‌ಚಾರ್ಜರಿಗೆ ಗಾಳಿ ಒಳಕ್ಕೆ ಹೋಗೋ ಬಾಯಿಗೆ ಒಂದು ಫಿಲ್ಟರ್ ಇರುತ್ತೆ, ಗೋಪುರದ ಆಕಾರದ್ದು. ಅದು ಕಾಣ್ತಾನೇ ಇರಲಿಲ್ಲ. ಹಳೇ ಸೀರೆಯ ಬಟ್ಟೆ ಮಡಿಸಿ ಮಡಿಸಿ ಸುತ್ತಿ, ಸುತ್ತಲೂ ದಾರ ಬಿಗಿದು ಗಂಟು ಹಾಕಿತ್ತು. ಒಗೆದು ಹಸಿಯಾಗೇ ಕಟ್ಟಿದ್ದು. ಮೇಲೆ ಅಜ್ಜಂಪುರದ ಕರೀಮಣ್ಣಿನ ಧೂಳು ಕೂತು ಮೆತ್ತಿ, ಗೋಡೆಗೆ ಸಾರಿಸಿದಂಗಿತ್ತು.

ನಮ್ಮ ಕಡೆ ಬೋರ್‌ವೆಲ್ ನೀರಿನ ನಲ್ಲಿ ಬಾಯಿಗೆಲ್ಲ ಹಿಂಗೇ ಬಟ್ಟೆ ಕಟ್ತಾರೆ, ಮಣ್ಣು ಬರಬಾರದು ಅಂತ. ನೀರು ಹೆಂಗೋ ಸೋರ್ಕೊಂಡು ಬರುತ್ತೆ. ಇಂಜಿನ್ನು ಉಸಿರಾಡೋದು ಹೆಂಗೆ? ಮೂಗು ಬಾಯಿಗೆ ಒದ್ದೆ ಕಂಬಳಿ ಒತ್ತಿಹಿಡಿದಂಗೆ. ಅದು ಹಳಿ ಮೇಲೆ ಸತ್ತಿತ್ತು, ನನ್ನ ಮಗಳನ್ನ ಒಳಗಿಟ್ಕೊಂಡು.

ಅಷ್ಟೇ. ಇಷ್ಟು ದಿನ ಹಿಡಿದಿಟ್ಟಿದ್ದೆಲ್ಲ ಕಿತ್ಕೊಂಡು ಬಂತು. ಅಳಿಯನ ಕಡೆ ತಿರುಗಿದೆ.

"ಲೇ ಬೇಕೂಫ! ನಿನ್ನ ತಲೇಲಿರೋದು ಮಿದುಳೋ ಈರುಳ್ಳಿ ಸಿಪ್ಪೆನೋ? ಕಂಪನಿಯವನೇನು ದಡ್ಡನಾ, ನೀನೊಬ್ಬನೇ ಬೃಹಸ್ಪತಿನಾ? ಭಾನುವಾರ ಶೋಕಿ ಮಾಡೋನು ನೀನು, ವಾರವೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸೋಳು ನನ್ನ ಮಗಳಾ? ಅವಳಿಗೇನಾದ್ರೂ ಆಗಿದ್ದಿದ್ರೆ ನಿನ್ನನ್ನ ಇದೇ ಬೆಲ್ಟಿಗೆ ಕಟ್ಟಿ ತಿರುಗಿಸ್ತಿದ್ದೆ! ಹೋಳಿಗೆ ತಿಂದು ತಿಂದು ಕೊಬ್ಬು ಬಂದಿದೆ ನಿನಗೆ!"

ಇನ್ನೂ ಏನೇನೋ ಬೈದೆ. ಬರೆಯೋ ಹಂಗಿಲ್ಲ. ಅಕ್ಕಪಕ್ಕದ ಮನೆಯವರು ಕಾಂಪೌಂಡಿಗೆ ಬಂದ್ರು. ಬೀಗರು ಬೇಜಾರು ಮಾಡ್ಕೊಂಡ್ರೇನೋ ಅಂತ ಒಂದು ಕ್ಷಣ ನಿಲ್ಲಿಸಿದೆ. ಅವರ ಕಣ್ಣಲ್ಲಿ ನೀರಿತ್ತು.

"ಯಾಕೆ ನಿಲ್ಲಿಸಿದ್ರಿ ಬೀಗರೇ?" ಅಂದ್ರು. "ಒಬ್ಬನೇ ಮಗ ಅಂತ ನನ್ನ ಹೆಂಡ್ತಿ ಇವನಿಗೆ ಒಂದು ದಿನವೂ ಬೈಯೋಕೆ ಬಿಟ್ಟಿಲ್ಲ. ಬೈರಿ. ಮಂಡಿಯಲ್ಲಿ ತೂಗೋವಾಗ ಫೋನ್ ನೋಡ್ತಾನೆ, ಅದನ್ನೂ ಸೇರಿಸಿ ಬೈರಿ."

ಅದನ್ನೂ ಸೇರಿಸಿ ಬೈದೆ. ಬೈದು ಬೈದು ಗಂಟಲು ಕಟ್ತು. ಆಗ ಅಳಿಯ ತಲೆ ತಗ್ಗಿಸಿಕೊಂಡೇ ಹೇಳಿದ, "ಮಾವ, ಸೂಪರ್‌ಚಾರ್ಜರ್ ಹಾಕ್ಸಿದ್ದು ನಾನೇ, ಒಪ್ತೀನಿ. ಬಟ್ಟೆ ಕಟ್ಟಿದ್ದು ಮಾತ್ರ ನಾನಲ್ಲ."

ಬೀಗರ ಕಡೆ ನೋಡಿದೆ. "ನಾನಂತೂ ಅಲ್ಲಪ್ಪ," ಅಂದ್ರು.

ಬೀಗಿತ್ತಿ ಸೆರಗು ಸರಿಮಾಡ್ಕೊಂಡು ಮುಂದೆ ಬಂದ್ರು. "ಕಟ್ಟಿದ್ದು ನಾನು. ಧೂಳು ಒಳಕ್ಕೆ ಹೋಗ್ತಿತ್ತು, ಅದಕ್ಕೆ. ಸುಮ್ನೆ ಕಟ್ಲಿಲ್ಲ, ಗೊತ್ತಿರೋರನ್ನ ಕೇಳಿಯೇ ಕಟ್ಟಿದ್ದು. ಗ್ಯಾರೇಜಿನ ಮನೆ ಹುಡುಗಿ, ಅವಳಿಗೆ ಗೊತ್ತಿರಲ್ವಾ ಅಂತ ನಿಮ್ಮ ಮಗಳನ್ನ ಕೇಳ್ದೆ. ಕಟ್ಟಿ ಅತ್ತೆ, ಒಳ್ಳೇದು ಅಂದ್ಲು."

ಅಂಗಳವೆಲ್ಲ ನನ್ನ ಮಗಳ ಕಡೆ ತಿರುಗ್ತು.

"ಹೂಂ, ಅಂದೆ," ಅಂದ್ಲು ಅವಳು. ಕಣ್ಣು ಕೆಂಪಗಿತ್ತು. "ಇವ್ರಿಗೆ ಹೇಳ್ದೆ, ತೆಗೀಲಿಲ್ಲ. ನಿನಗೆ ಹೇಳ್ದೆ, ನೀನು ಹೋಳಿಗೆ ಹಾಕ್ದೆ. ಇನ್ಯಾರಿಗೆ ಹೇಳ್ಲಿ? ಏರಿನಲ್ಲಿ ಸ್ವಲ್ಪ ಏದುಸಿರು ಬಿಟ್ರೆ ಇವ್ರೇ ಬೇಸತ್ತು ಬಿಚ್ಚಿಸ್ತಾರೆ ಅಂದ್ಕೊಂಡೆ. ಒಂದು ತೆಳ್ಳನೆ ಬಟ್ಟೆ ಕಟ್ತಾರೆ ಅಂದ್ಕೊಂಡಿದ್ನೇ ಹೊರತು, ಇಡೀ ಸೀರೆ ಒದ್ದೆ ಮಾಡಿ ಸುತ್ತುತಾರೆ ಅಂತ ನನಗೇನು ಗೊತ್ತು? ಹಳಿ ಮೇಲೆ ನಿಂತಾಗ ನನ್ನ ಪ್ರಾಣ ನನ್ನ ಹತ್ರ ಇರ್ಲಿಲ್ಲ ಅಪ್ಪ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು! ಸ್ಪ್ಯಾನರ್ ಹಿಡ್ಕೊಂಡು ಅಂಬೆಗಾಲಿಟ್ಟವಳು! ಕೋಪ ನೆತ್ತಿಗೇರ್ತು. ಇವಳಿಗೆ ಬೈಯೋಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ, ಇವಳಪ್ಪ ನಾನೇ. ಕಟ್ಟಿದ ಗಂಟಲನ್ನೇ ಸರಿಮಾಡ್ಕೊಂಡು, "ಏನೇ..." ಅಂತ ಶುರುಮಾಡ್ದೆ.

ಬೀಗಿತ್ತಿ ನಮ್ಮಿಬ್ಬರ ನಡುವೆ ಬಂದು ನಿಂತುಬಿಟ್ರು. "ನಿಲ್ಲಿಸ್ರಿ! ಅವಳೀಗ ನಮ್ಮನೆ ಸೊಸೆ. ನಮ್ಮನೆ ಅಂಗಳದಲ್ಲಿ ನಿಂತು ನಮ್ಮ ಸೊಸೆಗೆ ಬೈಯೋಕೆ ನೀವ್ಯಾರ್ರೀ?"

ಅಳಿಯ ಒಳಗೆ ಹೋಗಿ ಒಂದು ಜಾಕ್ ತಂದು ಕಾರಿನ ಪಕ್ಕ ಇಟ್ಟ. "ಬಿಚ್ಚಿಬಿಡಿ ಮಾವ. ಬೇಡ ಇದು," ಅಂದ. ಮಗಳು ಅವನ ಮುಖ ನೋಡಿ, ಸೆರಗಲ್ಲಿ ಕಣ್ಣೊರೆಸಿಕೊಂಡ್ಲು.

ಅಷ್ಟು ಸಲೀಸಾಗಿ ಒಪ್ಪಿದ ಅಳಿಯನಿಗೆ ಇನ್ನು ಬೈಯೋ ಹಂಗಿಲ್ಲ. ಅವರ ಸೊಸೆಗೆ ಬೈಯೋ ಹಂಗಿಲ್ಲ. ಬೀಗಿತ್ತಿಗಂತೂ ಬೈಯೋ ಪ್ರಶ್ನೆಯೇ ಇಲ್ಲ. ಕೋಪ ಮಾತ್ರ ಹಂಗೇ ಕುದೀತಿದೆ, ಎಲ್ಲಿಗೆ ಸುರಿಯೋದು? ಅಷ್ಟು ದೊಡ್ಡ ಅಂಗಳದಲ್ಲಿ ನಾನು ಬೈಯಬಹುದಾದ ಮನುಷ್ಯ ಒಬ್ಬನೇ ಉಳಿದಿದ್ದ. ಕಾರಿನ ಮುಂದೆ ಕೂತು, ಒಂದೊಂದೇ ಬೋಲ್ಟ್ ಬಿಚ್ಚುತ್ತಾ, "ಅವತ್ತೇ ತೆಗೆದು ಬಿಸಾಕೋಕೆ ನಿನಗೇನು ಬಂದಿತ್ತೋ ರೋಗ? ಮಗಳು ಬಾಯಿಬಿಟ್ಟು ಕೇಳಿದ್ಲಲ್ಲೋ ಮುಠ್ಠಾಳ!" ಅಂತ ನನಗೆ ನಾನೇ ಬೈಕೊಳ್ತಾ ಹೋದೆ.

ಯಾರೂ ತಡೀಲಿಲ್ಲ. ಬೀಗರು ಮಾತ್ರ ಒಂದು ಕುರ್ಚಿ ಹತ್ತಿರಕ್ಕೆ ಎಳ್ಕೊಂಡು ಕೂತು, "ಸ್ವಲ್ಪ ಜೋರಾಗಿ ಬೈಕೊಳ್ರೀ, ಕೇಳ್ಸಲ್ಲ," ಅಂದ್ರು.